ಸಂಕ್ರಾಂತಿಗೆ ಮುಂಚಿನ ಹಾಜರಿ



ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ, ಮಂತ್ರಾಲಯ ಈ ಕಡೆಯ ಹೈಸ್ಕೂಲುಗಳಲ್ಲಿ ಮಕ್ಕಳು ಕಡಿಮೆಯಾಗುವುದು ಯಾವಾಗ ಎಂದು ಊರವರನ್ನು ಕೇಳಿದರೆ, ಯಾರೂ ಕ್ಯಾಲೆಂಡರ್ ನೋಡಿ ಹೇಳುವುದಿಲ್ಲ. ದೀಪಾವಳಿ ಮುಗಿದ ಮೇಲೆ, ಹತ್ತಿ ಒಡೆದ ಮೇಲೆ, ಸಂಕ್ರಾಂತಿ ಬರುವ ತನಕ ಎನ್ನುತ್ತಾರೆ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅಜ್ಜ ಮುತ್ತಜ್ಜರ ಕಾಲದಿಂದಲೂ ಹೀಗೆಯೇ ಇತ್ತೆಂದು ತಿಳಿದುಕೊಂಡಿದ್ದೇವೆ. ಹಾಗಿಲ್ಲ. ಸಂಕ್ರಾಂತಿಗೆ ಮೊದಲು ತರಗತಿ ಖಾಲಿಯಾಗುವುದಕ್ಕೆ ಒಂದು ಚರಿತ್ರೆಯಿದೆ, ಅದೂ ಬಹಳ ಹಳೆಯದಲ್ಲ. ಇವತ್ತು ಅದನ್ನು ಸ್ವಲ್ಪ ನೋಡೋಣ.

1953ರವರೆಗೆ ನಮ್ಮ ಆದೋನಿ, ಆಲೂರು ತಾಲ್ಲೂಕುಗಳು ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1800ರಲ್ಲಿ ನಿಜಾಮನು ಕಂಪನಿಯವರಿಗೆ ಬಿಟ್ಟುಕೊಟ್ಟ ಸೀಮೆ ಇದು. ಶಾಲೆಯ ಕಟ್ಟುಪಾಡುಗಳೆಲ್ಲ ಮದ್ರಾಸಿನಿಂದ ಬರುತ್ತಿದ್ದವು. ಫಸ್ಟ್ ಫಾರಂನಿಂದ ಸಿಕ್ಸ್ತ್ ಫಾರಂವರೆಗೆ ಓದು, ಕೊನೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ. ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿಸಿ ಕ್ರಿಸ್‌ಮಸ್ ರಜೆ ಕೊಡುವುದು ಮದ್ರಾಸಿನ ರೂಢಿ. ನಮ್ಮ ಹಳ್ಳಿಗಳಲ್ಲಿ ಆ ಹಬ್ಬ ಮಾಡುವವರು ಕೆಲವರೇ, ಆದರೂ ದೊರೆಗಳ ಹಬ್ಬಕ್ಕೆ ಊರಿನ ಶಾಲೆಗೆಲ್ಲ ಬೀಗ. ಸಂಕ್ರಾಂತಿಗೆ ಸಿಗುತ್ತಿದ್ದದ್ದು ಅಲ್ಪ ಬಿಡುವು. ಹೈಸ್ಕೂಲು ಎಂದರೆ ಆದೋನಿ ಪಟ್ಟಣಕ್ಕೆ ಹೋಗಬೇಕು, ಇಲ್ಲವೆ ಬಳ್ಳಾರಿಗೆ. ಬಳ್ಳಾರಿಯಲ್ಲಿ ಮಿಷನರಿಗಳು ನಡೆಸಿದ ವಾರ್ಡ್ಲಾ ಶಾಲೆ 19ನೆಯ ಶತಮಾನದಿಂದಲೇ ಹೆಸರಾಗಿತ್ತು. 1871ರಲ್ಲಿ ಮದ್ರಾಸಿನ ರೈಲು ದಾರಿ ಆದೋನಿಯನ್ನು ಹಾದು ರಾಯಚೂರು ಮುಟ್ಟಿದ ಮೇಲೆ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬಳ್ಳಾರಿಗೆ ಹೋಗುವುದು ಸಾಧ್ಯವಾಯಿತು.

ಆ ಕಾಲದ ಹೈಸ್ಕೂಲಿನಲ್ಲಿ ಚಳಿಗಾಲದ ಹಾಜರಿ ಯಾರಿಗೂ ತಲೆನೋವಾಗಿರಲಿಲ್ಲ. ಇದನ್ನು ಕೇಳಿ, ಆಗಿನ ಹಿರಿಯರಿಗೆ ಓದಿನ ಮೇಲೆ ಎಂಥ ಶ್ರದ್ಧೆಯಿತ್ತು ಎಂದು ಹೊಗಳಬೇಕಾಗಿಲ್ಲ. ಕಾರಣ ಎರಡು. ಒಂದನೆಯದು, ಫೀಸು ಕಟ್ಟಿ ಹೈಸ್ಕೂಲಿಗೆ ಹೋಗುತ್ತಿದ್ದವರು ಹೆಚ್ಚಾಗಿ ಶಾನುಭೋಗರ, ಗೌಡರ, ವ್ಯಾಪಾರಸ್ಥರ, ಸರಕಾರಿ ನೌಕರರ ಮಕ್ಕಳು. ಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸುವವರ ಮಕ್ಕಳು ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ. ಬಾರದವನಿಗೆ ಗೈರುಹಾಜರಿ ಎಲ್ಲಿಂದ ಬರಬೇಕು?

ಎರಡನೆಯ ಕಾರಣ ನೆಲದಲ್ಲಿದೆ. ನಮ್ಮ ಎರೆನೆಲದಲ್ಲಿ ಆಗ ಬೆಳೆಯುತ್ತಿದ್ದದ್ದು ಜವಾರಿ ಹತ್ತಿ. ವ್ಯಾಪಾರಸ್ಥರು ಇದನ್ನು ‘ವೆಸ್ಟರ್ನ್ಸ್’ ಎಂದು ಕರೆಯುತ್ತಿದ್ದರು. ಬಳ್ಳಾರಿ, ಕರ್ನೂಲು, ಅನಂತಪುರದ ಕಡೆಯ ಹತ್ತಿಗೆ ಮದ್ರಾಸಿನ ಸಂತೆಯಲ್ಲಿ ಇದ್ದ ಹೆಸರು ಅದು. ಬಳ್ಳಾರಿಯ ಹತ್ತಿರದ ಹಗರಿ ಸಂಶೋಧನಾ ಕೇಂದ್ರದಲ್ಲಿ ಇದರ ಸುಧಾರಿಸಿದ ತಳಿಯನ್ನೂ ತೆಗೆದರು. ಈ ಹತ್ತಿಯನ್ನು ಆಗಸ್ಟ್-ಸೆಪ್ಟೆಂಬರಿನಲ್ಲಿ, ಹಿಂಗಾರಿನ ಹದ ನೋಡಿ ಬಿತ್ತುತ್ತಿದ್ದರು. ಡಿಸೆಂಬರಿನಲ್ಲಿ ಗಿಡ ಇನ್ನೂ ಹಸಿರು. ಕಾಯಿ ಒಡೆದು ಬಿಡಿಸಲು ಬರುವುದು ಫೆಬ್ರವರಿಯಿಂದ ಏಪ್ರಿಲಿನವರೆಗೆ. ಎಳ್ಳು ಬೆಲ್ಲ ತಿಂದು, ಸಜ್ಜೆ ರೊಟ್ಟಿ ತಿಂದು, ಸಂಕ್ರಾಂತಿ ಮುಗಿದ ಮೇಲೆ ಹತ್ತಿಯ ಮಾತು. ಹೀಗಾಗಿ ಅರ್ಧವಾರ್ಷಿಕ ಪರೀಕ್ಷೆಯ ತಿಂಗಳಲ್ಲಿ ಹೊಲ ಹುಡುಗರನ್ನು ಕರೆಯುತ್ತಿರಲಿಲ್ಲ.

ಶಾಲೆಯೂ ಹೊಲವೂ ಜಗಳವಾಡದಂತೆ ನೋಡಿಕೊಳ್ಳುವುದು ಹೇಗೆ ಎಂಬ ಯೋಚನೆ ಸರಕಾರಕ್ಕೂ ಬಂದದ್ದುಂಟು. 1953ರ ಜೂನಿನಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಏರ್ಪಾಡು ತಂದರು. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಬೇಕು, ಉಳಿದರ್ಧ ದಿನ ಮನೆಯ ಕಸಬು ಕಲಿಯಬೇಕು. ಕುಂಬಾರನ ಮಗ ಕುಂಬಾರನೇ ಆಗಿರಬೇಕೇ ಎಂದು ದೊಡ್ಡ ವಿರೋಧ ಎದ್ದಿತು. ಮುಂದಿನ ವರ್ಷ, 1954ರಲ್ಲಿ, ಕಾಮರಾಜರು ಅಧಿಕಾರಕ್ಕೆ ಬಂದು ಆ ಏರ್ಪಾಡನ್ನು ಕೈಬಿಟ್ಟರು. ವಿರೋಧ ಸರಿಯಾಗಿಯೇ ಇತ್ತು. ಆದರೆ ಕಾಗದದ ಮೇಲೆ ತೆಗೆದುಹಾಕಿದ ಅರ್ಧ ದಿನದ ಶಾಲೆ ನಮ್ಮ ಹೊಲಗಳಲ್ಲಿ ಬೇರೆ ರೂಪದಲ್ಲಿ ಬಹಳ ವರ್ಷ ನಡೆಯಿತು ಎಂಬುದೂ ನಿಜ. ಅದಕ್ಕೆ ಮುಂದೆ ಬರುತ್ತೇನೆ.

ಅದೇ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ರಾಯದುರ್ಗವನ್ನು ಅನಂತಪುರಕ್ಕೆ ಕೊಟ್ಟು, ಆದೋನಿ ಆಲೂರುಗಳನ್ನು ಕರ್ನೂಲಿಗೆ ಸೇರಿಸಿದರು. ಬಳ್ಳಾರಿ ಪೇಟೆ ಯಾರಿಗೆ ಎಂಬ ಜಗಳ, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ, ಇವೆಲ್ಲ ಹಲವರು ಬರೆದ ಕಥೆ. ಗಡಿ ಶಾಲೆಯ ರಜೆಯನ್ನೂ ಸೀಳಿತು ಎಂಬುದನ್ನು ಮಾತ್ರ ಅಷ್ಟಾಗಿ ಯಾರೂ ಬರೆದಿಲ್ಲ.

ಒಂದೇ ಮನೆತನದ ಎರಡು ಮನೆ. ಒಂದು ಸಿರುಗುಪ್ಪದ ಕಡೆ, ಇನ್ನೊಂದು ಕೌತಾಳಂ ಕಡೆ. ಮೊದಲು ಎರಡೂ ಮನೆಯ ಮಕ್ಕಳಿಗೆ ಒಂದೇ ದಿನ ರಜೆ. ಈಗ ಕರ್ನಾಟಕದವರಿಗೆ ನಡುವರ್ಷದ ದೊಡ್ಡ ರಜೆ ದಸರೆಗೆ. ಸಂಕ್ರಾಂತಿಗೆ ಅಲ್ಲಿ ಒಂದು ದಿನ ಶಾಲೆ ಮುಚ್ಚಿದರೆ ಹೆಚ್ಚು. ಆಂಧ್ರದಲ್ಲಿ ದಸರೆಗೂ ರಜೆಯುಂಟು, ಆದರೆ ಸಂಕ್ರಾಂತಿಯೇ ಪೆದ್ದ ಪಂಡುಗ. ಭೋಗಿಗೆ ಮುಂಚೆಯೇ ಶಾಲೆ ಮುಚ್ಚಿದರೆ ಕನುಮ ಕಳೆದ ಮೇಲೆಯೇ ತೆಗೆಯುವುದು. ಸೋದರಮಾವನ ಊರಿಗೆ ಸಂಕ್ರಾಂತಿಗೆಂದು ಹೋದ ಆದೋನಿಯ ಹುಡುಗನಿಗೆ ಅಲ್ಲಿ ಆಡಲು ಜೊತೆ ಇಲ್ಲ, ಮಾವನ ಮಕ್ಕಳೆಲ್ಲ ಶಾಲೆಗೆ ಹೋಗಿರುತ್ತಾರೆ. ಚಿಕ್ಕ ವಿಷಯ, ಆದರೆ ರಾಜ್ಯ ಬೇರೆಯಾಯಿತೆಂದು ಮಕ್ಕಳಿಗೆ ಗೊತ್ತಾಗುವುದು ಇಂಥದರಿಂದಲೇ.

ಇನ್ನು ಹತ್ತಿಯ ಕಥೆಗೆ ಬರೋಣ. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಸಿ.ಟಿ. ಪಟೇಲರು ‘ಹೈಬ್ರಿಡ್-4’ ಎಂಬ ಮಿಶ್ರತಳಿ ಹತ್ತಿಯನ್ನು ಹೊರತಂದರು. 1972ರಲ್ಲಿ ನಮ್ಮ ಧಾರವಾಡದಿಂದ ಡಾ. ಕಟರಕಿಯವರ ‘ವರಲಕ್ಷ್ಮಿ’ ಬಂತು. ವರಲಕ್ಷ್ಮಿಯ ಹೆಸರು ಕೇಳದ ಹತ್ತಿ ರೈತ ಆ ಕಾಲದಲ್ಲಿ ಈ ಸೀಮೆಯಲ್ಲಿ ಇರಲಿಕ್ಕಿಲ್ಲ. ಉದ್ದ ಎಳೆ, ಒಳ್ಳೆ ಇಳುವರಿ, ಆದೋನಿ ಮಾರುಕಟ್ಟೆಯಲ್ಲಿ ಒಳ್ಳೆ ದರ. ಆದೋನಿಯನ್ನು ಎರಡನೆಯ ಬೊಂಬಾಯಿ ಎಂದು ಕರೆಯುವುದಕ್ಕೆ ಹತ್ತಿಯೇ ಕಾರಣ. ಜಿನ್ನಿಂಗ್ ಮಿಲ್ಲುಗಳಿಗೆ ಗಡಿಯ ಎರಡೂ ಕಡೆಯಿಂದ ಗಾಡಿಗಳು ಬರುತ್ತಿದ್ದವು. ಆದರೆ ಹೊಸ ಹತ್ತಿಯ ಪಂಚಾಂಗವೇ ಬೇರೆ. ಇದನ್ನು ಮುಂಗಾರಿಗೆ, ಜೂನ್-ಜುಲೈಗೆ ಬಿತ್ತಬೇಕು. ಅಕ್ಟೋಬರ್-ನವೆಂಬರಿಗೆ ಕಾಯಿ ಒಡೆಯುತ್ತದೆ. ಒಂದು ಸಲಕ್ಕೆ ಮುಗಿಯುವುದಿಲ್ಲ, ಎರಡು ಮೂರು ವಾರಕ್ಕೊಮ್ಮೆ ಬಿಡಿಸುತ್ತ ಸಂಕ್ರಾಂತಿಯ ತನಕ ನಡೆಯುತ್ತದೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಈ ಪಂಚಾಂಗ ಇನ್ನೂ ಗಟ್ಟಿಯಾಯಿತು. ಮೊದಲು ವರ್ಷದ ಕೊನೆಗೆ ಬರುತ್ತಿದ್ದ ಸುಗ್ಗಿ, ಓದಿನ ನಟ್ಟನಡುವೆ ಬಂದು ಕೂತಿತು.

ಅದೇ ಹೊತ್ತಿಗೆ ಹಳ್ಳಿಗಳಿಗೂ ಹೈಸ್ಕೂಲು ಬಂದವು. ಕೂಲಿಯವರ ಮಕ್ಕಳೂ ಎಂಟನೆಯ ತರಗತಿ ಮುಟ್ಟಿದರು. ಹತ್ತಿ ಬಿಡಿಸುವುದಕ್ಕೆ ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ. ಕಿಲೋ ಲೆಕ್ಕವಾದಾಗ ಯಾರೂ ವಯಸ್ಸು ಕೇಳುವುದಿಲ್ಲ. ಹದಿಮೂರರ ಹುಡುಗಿಯ ಬೆರಳು ಅವಳ ತಾಯಿಯ ಬೆರಳಿಗಿಂತ ಚುರುಕು. ತೂಕದ ತಕ್ಕಡಿ ಹಾಜರಿ ಪುಸ್ತಕವನ್ನು ಗೆದ್ದದ್ದು ಹೀಗೆ.

ಇದಕ್ಕಿಂತ ಕಠಿಣವಾದದ್ದು ಬೀಜದ ಹತ್ತಿ. ಮಿಶ್ರತಳಿಯ ಬೀಜ ತಾನಾಗಿ ಹುಟ್ಟುವುದಿಲ್ಲ, ಕೈಯಿಂದ ಮಾಡಬೇಕು. ಮಧ್ಯಾಹ್ನದ ಮೇಲೆ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಅದರ ಗಂಡು ಕೇಸರಗಳನ್ನು ಉಗುರಿನಿಂದ ಸುಲಿಯಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವನ್ನು ತಂದು ಅದಕ್ಕೆ ಸವರಬೇಕು. ಇದೇ ‘ಕ್ರಾಸಿಂಗ್’. ಒಂದೊಂದು ಹೂವಿಗೂ ಹೀಗೆ, ತಿಂಗಳುಗಟ್ಟಲೆ, ದಿನ ತಪ್ಪದೆ. ಈ ಬೀಜೋತ್ಪಾದನೆ 1990ರ ದಶಕದಲ್ಲಿ ಆಂಧ್ರದ ಮೆಹಬೂಬನಗರ, ಕರ್ನೂಲು ಜಿಲ್ಲೆಗಳಲ್ಲಿ ವಿಪರೀತ ಹಬ್ಬಿತು. ಕೆಲಸಕ್ಕೆ ಹೆಚ್ಚಾಗಿ ಹಿಡಿದದ್ದು ಏಳರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳನ್ನು. ತಂದೆತಾಯಿಗಳಿಗೆ ಮುಂಗಡ ಕೊಟ್ಟು ಮಗಳನ್ನು ಸುಗ್ಗಿ ಮುಗಿಯುವ ತನಕ ಕಟ್ಟಿಹಾಕುತ್ತಿದ್ದರು. ಹೂವು ಭಾನುವಾರವೆಂದು ಅರಳುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಹುಡುಗಿಗೂ ಬಿಡುವಿಲ್ಲ. ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ನಿನಂಥ ಸಂಸ್ಥೆಗಳು ಇದನ್ನು ಹೊರಗೆ ತಂದು, ಬೀಜದ ಕಂಪನಿಗಳನ್ನು ಪ್ರಶ್ನಿಸಿದ ಮೇಲೆ ದೇಶಕ್ಕೆಲ್ಲ ವಿಷಯ ತಿಳಿಯಿತು. ರಾಜಾಜಿಯವರ ಯೋಜನೆಯಲ್ಲಿ ಅರ್ಧ ದಿನವಾದರೂ ಶಾಲೆಯಿತ್ತು. ಇಲ್ಲಿ ಅದೂ ಇರಲಿಲ್ಲ.

ಮೂರನೆಯದು ವಲಸೆ. ಕೋಸಿಗಿ, ಪೆದ್ದಕಡಬೂರು, ಕೌತಾಳಂ, ಮಂತ್ರಾಲಯದ ಊರುಗಳಿಂದ ಮಳೆ ಕೈಕೊಟ್ಟ ವರ್ಷ ಮನೆಮನೆಯೇ ಗುಂಟೂರಿಗೆ ಹೊರಡುತ್ತದೆ. ಮೊದಲು ಹತ್ತಿ, ಆಮೇಲೆ ಮೆಣಸಿನಕಾಯಿ. ತುಂಗಭದ್ರೆಯ ಕೆಳದಂಡೆ ಕಾಲುವೆ ಈ ಸೀಮೆಯಲ್ಲೇ ಹಾದುಹೋದರೂ ನೀರು ಮುಟ್ಟುವ ಹೊಲ ಕೆಲವರದೇ. ಲಾರಿಯಲ್ಲಿ ಪಾತ್ರೆ, ಹಾಸಿಗೆ, ಜೋಳದ ಮೂಟೆಯ ಜೊತೆ ಮಕ್ಕಳೂ ಹೋಗುತ್ತಾರೆ. 2003ರ ಜನವರಿಯಿಂದ ಆಂಧ್ರದ ಶಾಲೆಗಳಲ್ಲಿ ಶುರುವಾದ ಮಧ್ಯಾಹ್ನದ ಊಟ ಊರಲ್ಲಿರುವ ಮಗುವನ್ನು ಶಾಲೆಗೆ ಎಳೆಯಿತು. ಗುಂಟೂರಿನ ಹೊಲದಲ್ಲಿರುವ ಮಗುವಿಗೆ ಅದು ಮುಟ್ಟುವುದು ಹೇಗೆ? ಅದಕ್ಕಾಗಿಯೇ ಸರ್ವ ಶಿಕ್ಷಾ ಅಭಿಯಾನದಡಿ ಸುಗ್ಗಿ ಕಾಲದ ಹಾಸ್ಟೆಲುಗಳನ್ನು ತೆರೆದರು. ಅಪ್ಪ ಅಮ್ಮ ಮರಳುವ ತನಕ ಮಕ್ಕಳು ಊರಲ್ಲೇ ಉಂಡು ಮಲಗಿ ಓದುವ ವ್ಯವಸ್ಥೆ. ನನ್ನ ಮಟ್ಟಿಗೆ, ಹಾಜರಿಯ ಬಗ್ಗೆ ಸರಕಾರ ಮಾಡಿದ ಅತ್ಯಂತ ವಿವೇಕದ ಕೆಲಸ ಇದು, ಯಾಕೆಂದರೆ ಇದು ತಂದೆತಾಯಿಗಳನ್ನು ಬೈಯಲಿಲ್ಲ. ಆದರೆ ಆ ಅಭಿಯಾನ ಆರರಿಂದ ಹದಿನಾಲ್ಕು ವರ್ಷದವರದಾಗಿತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಅಷ್ಟೇ. ಒಂಬತ್ತು, ಹತ್ತನೆಯ ತರಗತಿಯ ಹುಡುಗ ಹುಡುಗಿಯರು ಲೆಕ್ಕದ ಹೊರಗೆ ನಿಂತರು.

ಅವರಿಗೇ ಹಾಜರಿ ಹೆಚ್ಚು ಬಿಗಿ ಎಂಬುದು ವಿಚಿತ್ರ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ 75 ಹಾಜರಿ ಬೇಕೆಂಬ ನಿಯಮ ಗಡಿಯ ಎರಡೂ ಕಡೆ ಇದೆ. ಸ್ವಲ್ಪ ಲೆಕ್ಕ ಹಾಕಿ. ವರ್ಷಕ್ಕೆ ಶಾಲೆ ನಡೆಯುವುದು ಸುಮಾರು 220 ದಿನ. ನಾಲ್ಕರಲ್ಲೊಂದು ಪಾಲೆಂದರೆ 55 ದಿನ. ನವೆಂಬರ್ ನಡುವಿನಿಂದ ಸಂಕ್ರಾಂತಿ ರಜೆಯವರೆಗೆ ಎಂಟು ವಾರ, ವಾರಕ್ಕೆ ಆರು ದಿನದಂತೆ 48. ಹತ್ತಿಗೆ ಹೋದ ಹುಡುಗನ ಕೈಯಲ್ಲಿ ಉಳಿಯುವುದು ಏಳು ದಿನ. ಜೂನಿನಲ್ಲಿ ಬಿತ್ತನೆಗೆ ನಾಲ್ಕು ದಿನ, ಊರ ಜಾತ್ರೆಗೆ ಎರಡು ದಿನ, ಒಂದು ಮಲೇರಿಯಾ ಜ್ವರ, ಅಲ್ಲಿಗೆ ಮುಗಿಯಿತು. ಅವನು ಸೋಮಾರಿಯಲ್ಲ. ಅವನ ಶಾಲೆಯ ದಿನಗಳ ಗಂಟು ಅಷ್ಟೇ ಇತ್ತು. ಬಹುದಿನ ಬಾರದವರ ಹೆಸರನ್ನು ಪುಸ್ತಕದಿಂದ ತೆಗೆದುಹಾಕುವ ಪದ್ಧತಿಯೂ ಇತ್ತು. ಹೆಸರು ಹೋದ ಮೇಲೆ ಜನವರಿಯಲ್ಲಿ ಬಂದು ಬಾಗಿಲಲ್ಲಿ ನಿಲ್ಲಲು ಹದಿನಾಲ್ಕರ ಹುಡುಗಿಗೆ ನಾಚಿಕೆ. ಅವಳು ಬರುವುದಿಲ್ಲ.

ಈ ಮಾತು ತೆಲುಗು ಮಾಧ್ಯಮದ ಮಕ್ಕಳಿಗೂ ಒಂದೇ. ನಮ್ಮ ಕನ್ನಡ ಮಾಧ್ಯಮದವರಿಗೆ ಮಾತ್ರ ಇದರ ಮೇಲೆ ಇನ್ನೊಂದು ಲೆಕ್ಕವಿದೆ. 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು, ಶಾಲೆಯಲ್ಲಿ ನಲವತ್ತು ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಬೇರೆ ಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯ ಉಪಾಧ್ಯಾಯರನ್ನು ಕೊಡಬೇಕೆಂದು ಒಪ್ಪಿದರು. 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು. 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಕಮಿಷನರ್ ಕಚೇರಿ ಬಂತು. 1961ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನ ಹೈಸ್ಕೂಲಿಗೂ ಒಂದು ಅಳತೆ ಇಟ್ಟಿತು. ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು ಅರವತ್ತು, ಒಂದೊಂದು ತರಗತಿಯಲ್ಲಿ ಹದಿನೈದು ಮಕ್ಕಳು. ಕರ್ನೂಲು ಜಿಲ್ಲೆಯ ಕನ್ನಡ ಮಕ್ಕಳಿಗೆ ಆಂಧ್ರ ಸರಕಾರವೇ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿದ್ದೂ, ಹತ್ತನೆಯ ಪರೀಕ್ಷೆಯನ್ನು ಕನ್ನಡದಲ್ಲಿ ನಡೆಸಿದ್ದೂ ಇಂಥ ಒಪ್ಪಂದಗಳ ಬಲದಿಂದ.

ಹದಿನೈದು ಎಂಬುದು ದೊಡ್ಡ ಸಂಖ್ಯೆಯಲ್ಲ. ಆದರೆ ಹದಿನೇಳು ಮಕ್ಕಳಿರುವ ಕನ್ನಡ ಒಂಬತ್ತನೆಯ ತರಗತಿಯಿಂದ ಮೂರು ಮಕ್ಕಳು ಹತ್ತಿಗೆ ಹೋಗಿ ಮರಳದಿದ್ದರೆ ಉಳಿಯುವುದು ಹದಿನಾಲ್ಕು. ತೆಲುಗು ತರಗತಿಯಿಂದ ಮೂವರು ಹೋದರೆ ಮೂವರ ಓದು ಕೆಡುತ್ತದೆ. ಕನ್ನಡ ತರಗತಿಯಿಂದ ಹೋದರೆ ಉಳಿದ ಹದಿನಾಲ್ಕು ಮಕ್ಕಳ ಮಾಸ್ತರರ ಹುದ್ದೆಗೂ ಪ್ರಶ್ನೆ ಏಳುತ್ತದೆ. ಹುದ್ದೆ ಖಾಲಿ ಬಿದ್ದರೆ ಮುಂದಿನ ವರ್ಷ ಯಾರು ಕನ್ನಡಕ್ಕೆ ಸೇರಿಸುತ್ತಾರೆ? ಗಡಿಯಲ್ಲಿ ಕನ್ನಡ ಕುಗ್ಗಿತು ಎಂದಾಗ ನಾವು ರಾಜಕೀಯದವರ ಹೆಸರು ಹೇಳುತ್ತೇವೆ, ಇಂಗ್ಲಿಷಿನ ಮೋಹ ಎನ್ನುತ್ತೇವೆ. ಅವೂ ಇವೆ. ಡಿಸೆಂಬರ್ ತಿಂಗಳ ಹಾಜರಿ ಪುಸ್ತಕವನ್ನು ಯಾರೂ ಹೇಳುವುದಿಲ್ಲ.

ಆ ಅಲ್ಪಸಂಖ್ಯಾತ ರಕ್ಷಣೆಗಳಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ಮಗುವನ್ನು ಯಾವ ಭಾಷೆಯಲ್ಲಿ ಓದಿಸಬೇಕೆಂದು ತಂದೆತಾಯಿಗಳು ಮೊದಲೇ ಶಾಲೆಯಲ್ಲಿ ಬರೆಸಬಹುದು, ಬರೆಸಿದವರ ಸಂಖ್ಯೆ ನೋಡಿ ತರಗತಿ ತೆರೆಯಬೇಕು. ಅದಕ್ಕೆ ಗೊತ್ತುಮಾಡಿದ ಸಮಯ, ಶಾಲಾ ವರ್ಷಕ್ಕೆ ಮೂರು ತಿಂಗಳು ಮುಂಚೆ. ಜೂನಿಗೆ ಮೂರು ತಿಂಗಳು ಮುಂಚೆ ಎಂದರೆ ಮಾರ್ಚ್. ಗುಂಟೂರಿನಲ್ಲಿ ಮೆಣಸಿನಕಾಯಿ ಕೀಳುವ ತಿಂಗಳು ಅದು. ಕೋಸಿಗಿ ಕಡೆಯ ಎಷ್ಟೋ ಮನೆಗಳಿಗೆ ಆಗ ಇನ್ನೂ ಬೀಗ ಹಾಕಿರುತ್ತದೆ.