ಜೋಳದ ನಾಡಿನಲ್ಲಿ ಮುಪ್ಪಿನ ತುತ್ತು

ಮಲಪ್ರಭೆಯ ದಂಡೆಯ ಸವದತ್ತಿ, ರಾಮದುರ್ಗಗಳ ಎರೆಹೊಲದಲ್ಲಾಗಲಿ, ಬೈಲಹೊಂಗಲದ ಬಯಲಿನಲ್ಲಾಗಲಿ, ಮಲೆನಾಡಿನ ಸೆರಗು ತಾಗಿ ಭತ್ತವನ್ನೂ ಕಂಡ ಕಿತ್ತೂರಿನಲ್ಲಾಗಲಿ, ವೃದ್ಧರ ಆಹಾರದ ಇತಿಹಾಸವು ಬೀಸುವ ಕಲ್ಲಿನಿಂದಲೇ ಆರಂಭವಾಗುತ್ತದೆ. ನುಣ್ಣನೆಯ ಹಿಟ್ಟು ರೊಟ್ಟಿಗೆ ಸಂದ ಬಳಿಕ ಜರಡಿಯಲ್ಲುಳಿದ ತರಿಯು ನುಚ್ಚಾಗಿ ಬೆಂದು, ಹಿಟ್ಟಿನ ಇನ್ನೊಂದು ಪಾಲು ಅಂಬಲಿಯಾಗಿ ಕುದಿದು, ಬಿಸಿರೊಟ್ಟಿಯು ಬೆಳ್ಳುಳ್ಳಿ, ಖಾರ, ಎಣ್ಣೆಗಳೊಡನೆ ಕುಟ್ಟಿಸಿಕೊಂಡು ಮುಟಗಿಯಾಗಿ, ಹಲ್ಲುದುರಿದವರ ಗಂಗಾಳವನ್ನು ಸೇರುತ್ತಿದ್ದವು.

ಈ ಪಾಕಕೌಶಲವೆಲ್ಲವೂ ದಂತಹೀನತೆಗೆ ಕಂಡುಕೊಂಡ ಪರಿಹಾರವೇ ಹೊರತು ಸ್ಮೃತಿನಾಶಕ್ಕಲ್ಲ. ಮರೆವಿನ ರೋಗವು ಬಲಿತಾಗ ಹಲ್ಲು ಗಟ್ಟಿಯಿದ್ದವರೂ ಅಗಿಯುವುದನ್ನು ಮರೆಯುತ್ತಾರೆ. ತುತ್ತು ದವಡೆಯಲ್ಲೇ ಉಳಿಯುತ್ತದೆ. ಅನ್ನನಾಳಕ್ಕಿಳಿಯಬೇಕಾದುದು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕಿತ್ತೂರಿನ 1824ರ ಯುದ್ಧಕ್ಕೆ ಏಳು ವರ್ಷ ಮೊದಲೇ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ನನು ನಡುಗುವಾತದ ರೋಗಿಗಳು ನುಂಗಲು ಪಡುವ ಕಷ್ಟವನ್ನು ಬರೆದಿಟ್ಟಿದ್ದನು. ಮರೆವಿನ ವ್ಯಾಧಿಯನ್ನು ಕುರಿತು ಅಲೋಯಿಸ್ ಆಲ್ಝೈಮರನು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಮಾತನಾಡಿದ್ದು 1906ರಲ್ಲಿ. ನಮ್ಮಲ್ಲಾದರೋ ಅದು ಅರವತ್ತರ ಅರಳುಮರಳಾಗಿಯೇ ಉಳಿಯಿತು. ಕಡೆಗೆ ಬಂದ ಕಫಜ್ವರಕ್ಕೂ ಉಣಿಸಿದ ತುತ್ತಿಗೂ ಸಂಬಂಧವುಂಟೆಂದು ಮನೆಮಂದಿಗೆ ತೋಚುವಂತಿರಲಿಲ್ಲ.

ಗಂಜಿಯ ಹದವನ್ನು ಚರಕಸಂಹಿತೆಯು ಮಂಡ, ಪೇಯ, ವಿಲೇಪಿಗಳೆಂದು ವಿಂಗಡಿಸಿದೆ. ಇಂದಿನ ಅಂತಾರಾಷ್ಟ್ರೀಯ ಕ್ರಮವು ನುಂಗಲು ಕಷ್ಟಪಡುವವರ ಪಾನಾಹಾರಗಳನ್ನು 0ಯಿಂದ 7ರವರೆಗೆ ಎಂಟು ಹಂತಗಳಲ್ಲಿಟ್ಟಿದೆ. ಮೊದಲನೆಯದು ಜಠರಾಗ್ನಿಯನ್ನು ನೋಡಿದರೆ ಎರಡನೆಯದು ಗಂಟಲನ್ನು ನೋಡುತ್ತದೆ, ಈ ಭೇದವು ಅಲ್ಪವಲ್ಲ. ಮುದುಕರಿಗೆ ಹಿತವೆಂದು ನಾವು ಮೆಚ್ಚಿದ ಮಜ್ಜಿಗೆಯ ನುಚ್ಚನ್ನೇ ತೆಗೆದುಕೊಳ್ಳೋಣ: ನೀರು ಮುಂದಾಗಿ ಗಂಟಲಿಗೆ ಹರಿಯುವಾಗ ತರಿಯಿನ್ನೂ ಬಾಯಲ್ಲಿರುತ್ತದೆ, ಇಂಥ ದ್ವಿವಿಧ ಪಾಕವೇ ದುರ್ಬಲ ಗಂಟಲಿಗೆ ಅತಿ ಕಠಿನ. ಮುಟಗಿಯೂ ಪುಡಿಯಾಗಿ ಚದರುವುದು. ತರಿ ಕರಗುವಂತೆ ಬೇಯಿಸಿ, ಕಡೆದು, ಒಂದೇ ಹದಕ್ಕೆ ತಂದ ನುಚ್ಚು ಇವೆರಡಕ್ಕಿಂತ ಮೇಲೆಂದು ನನ್ನ ಎಣಿಕೆ. ಯಾರಿಗೆ ಯಾವ ಹದವೆಂಬುದನ್ನು ಮಾತ್ರ ಪರೀಕ್ಷಿಸಿದವರೇ ಹೇಳಬೇಕು.

ಮಲಗಿದವರ ಬಾಯಿಗೆ ಹಾಲನ್ನೋ ನೀರನ್ನೋ ಹನಿಸುವ ರೂಢಿಯು ಅಕ್ಕರೆಯದಾದರೂ ಅಪಾಯಕರವಾದುದು. ಮಾತನಾಡದೆ, ನಗದೆ, ಮನಸ್ಸಿಟ್ಟು ಉಣ್ಣಬೇಕೆಂಬ ಚರಕನ ವಿಧಿಯು ಇಲ್ಲಿ ಹೆಚ್ಚು ಸಲ್ಲುತ್ತದೆ. ರೋಗವು ತೀರ ಬಲಿತಾಗ ನಳಿಕೆಯ ಆಹಾರವು ಆಯುಷ್ಯವನ್ನು ವರ್ಧಿಸುವುದೆಂದು ಸಿದ್ಧವಾಗಿಲ್ಲವಾದ್ದರಿಂದ, ವೃದ್ಧರ ಚಿಕಿತ್ಸೆಯ ತಜ್ಞರು ಕೈತುತ್ತನ್ನೇ ಅನುಮೋದಿಸುತ್ತಾರೆ. ಹಿರಿಯರನ್ನು ನೆಟ್ಟಗೆ ಕೂಡಿಸಿರಿ. ಸಣ್ಣ ಚಮಚದಲ್ಲಿ ಕೊಟ್ಟು, ನುಂಗಿದುದನ್ನು ಕಂಡ ಮೇಲೆಯೇ ಮುಂದಿನದನ್ನು ಕೊಡಿರಿ. ಊಟದ ನಡುವೆ ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ, ಜ್ವರಕ್ಕೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.