ಗುಂಡಿ ತಿರುಗಿಸಿದರೆ 1930

1935ರ ಫೆಬ್ರವರಿ 3ರಂದು ಹೈದರಾಬಾದಿನಲ್ಲಿ ನಿಜಾಮರ ಸರ್ಕಾರದ ರೇಡಿಯೊ ಪ್ರಸಾರ ಶುರುವಾಯಿತು. ಅದಕ್ಕೂ ಮುಂಚೆ ಚಿರಾಗ್ ಅಲಿ ಗಲ್ಲಿಯಲ್ಲಿ 200 ವಾಟ್‌ನ ಪುಟ್ಟ ಖಾಸಗಿ ಕೇಂದ್ರವೊಂದು ನಡೆಯುತ್ತಿತ್ತು. ಸರ್ಕಾರ ಅದನ್ನೇ ವಹಿಸಿಕೊಂಡಿತು. ಮುಂದೆ ಅದಕ್ಕೆ ಡೆಕ್ಕನ್ ರೇಡಿಯೊ ಎಂಬ ಹೆಸರು ನಿಂತಿತು. ಅದೇ ವರ್ಷ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. ಏಳು ತಿಂಗಳ ಅಂತರದಲ್ಲಿ ಎರಡು ಸಂಸ್ಥಾನಗಳ ರಾಜಧಾನಿಗಳು ಗಾಳಿಯಲ್ಲಿ ಮಾತಾಡತೊಡಗಿದ್ದವು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ನಿಜಾಮರ ರಾಜ್ಯದೊಳಗೇ ಇದ್ದುದರಿಂದ, ಕನ್ನಡ ನಾಡಿನ ಒಂದು ದೊಡ್ಡ ಭಾಗಕ್ಕೆ 'ನಮ್ಮ ಸರ್ಕಾರದ ರೇಡಿಯೊ' ಎಂದರೆ ಮೈಸೂರಿನದಲ್ಲ, ಹೈದರಾಬಾದಿನದು.

ಡೆಕ್ಕನ್ ರೇಡಿಯೊ 1950ರ ಏಪ್ರಿಲ್ 1ರಂದು ಆಲ್ ಇಂಡಿಯಾ ರೇಡಿಯೊದಲ್ಲಿ ಸೇರಿಹೋಯಿತು. ಆ ಕಾಲದ ಪ್ರಸಾರ ಬಹುಪಾಲು ನೇರ ಪ್ರಸಾರ. ಹಾಡುವವರು ಬಂದರು, ಮೈಕಿನ ಮುಂದೆ ಕೂತರು, ಹಾಡಿದರು, ಹೋದರು. ಟೇಪು ಇನ್ನೂ ಬಂದಿರಲಿಲ್ಲ. ಕೇಳಿದವರ ಕಿವಿಯಲ್ಲಿ ಉಳಿದದ್ದಷ್ಟೇ ಉಳಿಕೆ.

ಈಗ ಅದೇ ಊರಿನ ಅಮೀರ್‌ಪೇಟೆಯ ಹಾಸ್ಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಯಾವ ಹುಡುಗನೂ ತನ್ನ ಹೊಸ ಹಾಡನ್ನು ಒಂದು ಕ್ಷಣದಲ್ಲಿ ಆ ಕಾಲಕ್ಕೆ ಕಳಿಸಬಲ್ಲ. ಐಜೋಟೋಪ್ ಎಂಬ ಅಮೆರಿಕದ ಕಂಪನಿ ಬಹಳ ವರ್ಷಗಳಿಂದ ಉಚಿತವಾಗಿ ಹಂಚುತ್ತಿರುವ 'ವಿನೈಲ್' ಎಂಬ ಪ್ಲಗಿನ್ನಿನಲ್ಲಿ ಇಸವಿಯನ್ನು ಆರಿಸುವ ಸೌಲಭ್ಯವೇ ಇದೆ. 1930ಕ್ಕೆ ತಂದರೆ ದನಿ ತೆಳ್ಳಗಾಗಿ, ತಗಡಿನ ಕೊಳವೆಯಿಂದ ಬಂದಂತಾಗುತ್ತದೆ. ಪಕ್ಕದಲ್ಲಿ ಧೂಳಿಗೆ ಒಂದು ಗುಂಡಿ, ಗೀರಿಗೆ ಒಂದು, ತಟ್ಟೆ ಸೊಟ್ಟಗಾದದ್ದಕ್ಕೆ ಒಂದು, ಸವೆತಕ್ಕೆ ಒಂದು. ನೂರು ವರ್ಷ ಎಂಜಿನಿಯರುಗಳು ಯಾವುದನ್ನು ಒರೆಸಿ ತೆಗೆಯಲು ಹೆಣಗಿದರೋ ಅದನ್ನೇ ಈಗ ಅಳತೆ ಹಾಕಿ ಬಡಿಸಲಾಗುತ್ತಿದೆ. ಇದನ್ನು ಒಟ್ಟಾಗಿ 'ಲೋ-ಫೈ' ಎನ್ನುತ್ತಾರೆ. ಇದರ ಒಡಹುಟ್ಟು ಮಾಡ್ಯುಲೇಶನ್: ಕೋರಸ್, ಫ್ಲ್ಯಾಂಜರ್, ಫೇಸರ್, ಟ್ರೆಮೊಲೊ, ವೈಬ್ರಾಟೊ.

ಮಾಡ್ಯುಲೇಶನ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ 'ಮೋದುಸ್', ಎಂದರೆ ಅಳತೆ. ಅಳತೆಗೆ ತಕ್ಕಂತೆ ದನಿಯನ್ನು ನಡೆಸುವುದು ಎಂಬುದು ಅದರ ಹಳೆಯ ಅರ್ಥ. ಇವತ್ತು ಆ ಒಂದೇ ಮಾತಿಗೆ ಹಲವು ಮನೆಗಳಿವೆ. ಪಾಶ್ಚಾತ್ಯ ಸಂಗೀತದಲ್ಲಿ ಅದು ಶ್ರುತಿ ಬದಲಾವಣೆ. ಭಾಷಣ ಕಲಿಸುವವರ ಬಾಯಲ್ಲಿ ದನಿಯ ಏರಿಳಿತ. ರೇಡಿಯೊದಲ್ಲಿ ಒಂದು ಅಲೆಯ ಬೆನ್ನ ಮೇಲೆ ಇನ್ನೊಂದನ್ನು ಹೊರಿಸುವುದು. ಹೈದರಾಬಾದ್ ಆಕಾಶವಾಣಿಯ ಮೀಡಿಯಂ ವೇವ್ ಕೇಂದ್ರ 738 ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ ಎಂದರೆ, ಸೆಕೆಂಡಿಗೆ 7 ಲಕ್ಷ 38 ಸಾವಿರ ಸಲ ತೂಗುವ ಒಂದು ಮೂಕ ಅಲೆ ಇದೆ ಎಂದರ್ಥ. ಗಾಯಕನ ದನಿ ಆ ಅಲೆಯ ಎತ್ತರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಕೇಳುವವನ ಪೆಟ್ಟಿಗೆ ಆ ಹಿಗ್ಗು ಕುಗ್ಗನ್ನಷ್ಟೇ ಬಿಡಿಸಿಕೊಂಡು ಮೂಕ ಅಲೆಯನ್ನು ಎಸೆಯುತ್ತದೆ.

ಸಾಫ್ಟ್‌ವೇರ್ ಮಾಡುವುದೂ ಇದನ್ನೇ, ಆದರೆ ಬಹಳ ನಿಧಾನವಾಗಿ. ಅಲ್ಲಿ ಸೆಕೆಂಡಿಗೆ ಒಂದೋ ಎರಡೋ ಸಲ, ಹೆಚ್ಚೆಂದರೆ ಹತ್ತಾರು ಸಲ ತೂಗುವ ಒಂದು ಅಲೆ ಇರುತ್ತದೆ. ಅದರ ಸದ್ದು ಕಿವಿಗೆ ಬೀಳುವುದಿಲ್ಲ, ಕೆಲಸ ಮಾತ್ರ ಕೇಳುತ್ತದೆ. ಅದನ್ನು ದನಿಯ ಗಟ್ಟಿತನಕ್ಕೆ ಕಟ್ಟಿದರೆ ಟ್ರೆಮೊಲೊ. ಶ್ರುತಿಗೆ ಕಟ್ಟಿದರೆ ವೈಬ್ರಾಟೊ. ದನಿಯ ಒಂದು ಪ್ರತಿಯನ್ನು ಸೆಕೆಂಡಿನ ಸಾವಿರದ ಇಪ್ಪತ್ತು ಭಾಗದಷ್ಟು ತಡವಾಗಿಸಿ, ಆ ತಡವನ್ನು ತುಸು ತೂಗಾಡಿಸಿ, ಮೂಲದ ಜೊತೆ ಬೆರೆಸಿದರೆ ಕೋರಸ್: ಒಬ್ಬರು ಹಾಡಿದ್ದು ಇಬ್ಬರು ಹಾಡಿದಂತೆ ಕೇಳುತ್ತದೆ. ತಡ ಇನ್ನೂ ಕಡಿಮೆಯಾದರೆ ಫ್ಲ್ಯಾಂಜರ್.

ಇವು ಯಾವುವೂ ಸಾಫ್ಟ್‌ವೇರಿನಲ್ಲಿ ಹುಟ್ಟಿದವಲ್ಲ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ 1966ರಲ್ಲಿ ಕೆನ್ ಟೌನ್‌ಸೆಂಡ್ ಎಂಬ ಎಂಜಿನಿಯರ್ ಎರಡು ಟೇಪ್ ಯಂತ್ರಗಳನ್ನು ಒಟ್ಟಿಗೆ ಓಡಿಸಿ ಒಂದೇ ದನಿಯನ್ನು ಇಮ್ಮಡಿಯಾಗಿಸಿದರು. ಹಾಡುವವರು ಒಂದೇ ಸಾಲನ್ನು ಎರಡೆರಡು ಸಲ ಹಾಡುವ ಶ್ರಮ ತಪ್ಪಲಿ ಎಂಬುದೇ ಉದ್ದೇಶ. 1976ರಲ್ಲಿ ರೋಲ್ಯಾಂಡ್ ಕಂಪನಿಯ ಬಾಸ್ ಸಿಇ-1 ಪೆಟ್ಟಿಗೆ ಕೋರಸ್ ಪರಿಣಾಮವನ್ನು ಗಿಟಾರ್ ನುಡಿಸುವವರ ಕಾಲಬುಡಕ್ಕೆ ತಂದಿಟ್ಟಿತು. ಆದರೆ ಈ ವಂಶಾವಳಿಯಲ್ಲಿ ಭಾರತದ ಕಿವಿಗೆ ತೀರ ಹತ್ತಿರದ್ದು ಇನ್ನೊಂದು ಕಥೆ.

1952ರಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳು ಹಿಡಿಸುತ್ತಿರಲಿಲ್ಲ. ಆಲ್ ಇಂಡಿಯಾ ರೇಡಿಯೊದಿಂದ ಅವು ಹೆಚ್ಚುಕಡಿಮೆ ಮಾಯವಾದವು. ಕೇಳುಗರು ಸುಮ್ಮನೆ ಕೂರಲಿಲ್ಲ. ಮುಳ್ಳನ್ನು ಶಾರ್ಟ್ ವೇವ್ ಕಡೆಗೆ ತಿರುಗಿಸಿ ಕೊಲಂಬೊ ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೊ ಸಿಲೋನಿನಿಂದ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬರುವವರೆಗೂ ದೇಶದ ಎಷ್ಟೋ ಮನೆಗಳಿಗೆ ತಮ್ಮದೇ ಸಿನಿಮಾದ ಹಾಡು ಸಮುದ್ರದಾಚೆಯಿಂದ ಬರಬೇಕಿತ್ತು.

ಶಾರ್ಟ್ ವೇವ್ ನೇರವಾಗಿ ಬರುವುದಿಲ್ಲ. ವಾತಾವರಣದ ಮೇಲ್ಪದರದಲ್ಲಿರುವ ಅಯಾನುಗೋಳಕ್ಕೆ ತಾಗಿ ಹಿಂದಿರುಗುತ್ತದೆ. ಆ ಪದರ ಕನ್ನಡಿಯಂತೆ ನಿಶ್ಚಲವಲ್ಲ, ನೀರಿನಂತೆ ಅಲುಗಾಡುತ್ತಿರುತ್ತದೆ. ಒಂದೇ ಸಂಕೇತ ಎರಡು ಮೂರು ದಾರಿಗಳಲ್ಲಿ, ಒಂದಿಷ್ಟು ಹೆಚ್ಚುಕಡಿಮೆ ಹೊತ್ತಿಗೆ ಬಂದು ತಲುಪುತ್ತದೆ. ಅವು ಕೆಲವೊಮ್ಮೆ ಕೂಡುತ್ತವೆ, ಕೆಲವೊಮ್ಮೆ ಒಂದನ್ನೊಂದು ಕಳೆಯುತ್ತವೆ. ಹಾಡು ತೇಲಿ ಬಂದು, ಮುಳುಗಿ, ಬೇರೊಂದು ಬಣ್ಣದಲ್ಲಿ ಮತ್ತೆ ಏಳುತ್ತದೆ. ಎಂಜಿನಿಯರುಗಳ ಭಾಷೆಯಲ್ಲಿ ಇದು ಫೇಡಿಂಗ್. ಗಣಿತದ ಲೆಕ್ಕದಲ್ಲಿ ಇದು ಫೇಸರ್‌ನ ಅಣ್ಣ.

ಈ ಹೋಲಿಕೆ ಬರಿಯ ಕಲ್ಪನೆಯಲ್ಲ. 1960ರ ದಶಕದ ಕೊನೆಗೆ ಬಂದ, ಜಿಮಿ ಹೆಂಡ್ರಿಕ್ಸ್ ಬಳಸಿ ಪ್ರಸಿದ್ಧಗೊಳಿಸಿದ 'ಯುನಿ-ವೈಬ್' ಎಂಬ ಪೆಟ್ಟಿಗೆಯನ್ನು ರೂಪಿಸಿದವರು ಜಪಾನಿನ ಎಂಜಿನಿಯರ್ ಫುಮಿಯೊ ಮಿಯೆದಾ. ರೇಡಿಯೊ ಮಾಸ್ಕೋ ಪ್ರಸಾರವನ್ನು ಕೇಳುವಾಗ ವಾತಾವರಣದ ದೆಸೆಯಿಂದ ಸಂಗೀತ ಅಲೆಅಲೆಯಾಗಿ ಕೇಳಿಸುತ್ತಿದ್ದುದೇ ಅವರಿಗೆ ಪ್ರೇರಣೆ ಎಂದು ಹೇಳಲಾಗುತ್ತದೆ. ಗೀತಮಾಲಾ ಕೇಳುತ್ತ ಕಿವಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದವರು ಬೈದುಕೊಂಡ ಅದೇ ತೊಂದರೆ ಇನ್ನೊಂದು ಊರಿನಲ್ಲಿ ವಾದ್ಯದ ಭಾಗವಾಯಿತು.

ಆಮೇಲೆ ಕ್ಯಾಸೆಟ್ ಬಂತು. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಿ. ಭಾರತದ ಬೀದಿಗಳನ್ನು ಅದು ತುಂಬಿದ್ದು 1980ರ ದಶಕದಲ್ಲಿ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ತೆಳ್ಳನೆಯ ರಿಬ್ಬನ್ ಓಡಬೇಕು. ಬೆಲ್ಟು ಸಡಿಲವಾದರೆ, ರೋಲರಿಗೆ ಕೊಳೆ ಮೆತ್ತಿದರೆ ಆ ವೇಗ ತಪ್ಪುತ್ತದೆ. 'ಟೇಪು ಎಳೀತಿದೆ' ಎಂದು ಮನೆಮನೆಯಲ್ಲಿ ಹೇಳುತ್ತಿದ್ದುದು ಇದಕ್ಕೇ. ನಿಧಾನದ ಎಳೆತಕ್ಕೆ ಎಂಜಿನಿಯರುಗಳು ಇಟ್ಟ ಹೆಸರು 'ವಾವ್', ವೇಗದ ನಡುಕಕ್ಕೆ 'ಫ್ಲಟರ್'. ಇವತ್ತಿನ ಪ್ಲಗಿನ್ನುಗಳಲ್ಲಿ ಎರಡಕ್ಕೂ ಬೇರೆಬೇರೆ ಗುಂಡಿಗಳಿವೆ.

ಲೋ-ಫೈ ಒಂದು ರುಚಿಯಾಗಿ ಬೆಳೆದದ್ದು ಕೊರತೆಯಿಂದ. 1987ರಲ್ಲಿ ಬಂದ ಇ-ಮು ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟು ಧ್ವನಿಗೆ ಮಾತ್ರ ಜಾಗ. ಅಮೆರಿಕದ ಹಿಪ್‌ಹಾಪ್ ಹುಡುಗರು 33ರ ವೇಗದ ತಟ್ಟೆಯನ್ನು 45ರಲ್ಲಿ ಓಡಿಸಿ ತುಂಬಿಸಿಕೊಂಡು, ಒಳಗೆ ಮತ್ತೆ ನಿಧಾನಗೊಳಿಸುತ್ತಿದ್ದರು. 12 ಬಿಟ್‌ಗಳ ಆ ಯಂತ್ರ ಹೀಗೆ ಹಿಗ್ಗಿಸಿದ ಸದ್ದಿಗೆ ಮರಳಿನಂಥ ಒರಟುತನ ಕೊಡುತ್ತಿತ್ತು. ಜಾಗ ಉಳಿಸಲು ಮಾಡಿದ್ದು ಶೈಲಿಯಾಯಿತು. ಡೆಟ್ರಾಯಿಟಿನ ಜೆ ಡಿಲ್ಲಾ, ಟೋಕಿಯೊದ ನುಜಾಬೆಸ್ (ಇಬ್ಬರೂ ಹುಟ್ಟಿದ್ದು 1974ರ ಫೆಬ್ರವರಿ 7ರಂದು) ತಮ್ಮತಮ್ಮ ಯಂತ್ರಗಳಲ್ಲಿ ಕಟ್ಟಿದ ಸಂಗೀತ ಇಂದಿನ 'ಓದುವಾಗ ಕೇಳುವ' ಲೋ-ಫೈಗೆ ಹಿರಿಯರಾಯಿತು. ಅಲ್ಲಿಂದ ಅದು ಭಾರತದ ಸಿನಿಮಾ ಹಾಡುಗಳಿಗೆ ಇಳಿಯಿತು: ವೇಗ ಇಳಿಸಿ, ಗವಿಯ ಪ್ರತಿಧ್ವನಿ ಹಾಕಿ, ಮೇಲೊಂದಿಷ್ಟು ಮಳೆಯ ಸದ್ದು ಮತ್ತು ತಟ್ಟೆಯ ಚಟಪಟ ಉದುರಿಸಿದರೆ ಹಿಂದಿ, ತೆಲುಗು, ಕನ್ನಡ ಯಾವ ಹಾಡೂ 'ಲೋ-ಫೈ ವರ್ಷನ್' ಆಗುತ್ತದೆ.

ಇಲ್ಲಿ ಒಂದು ಲೆಕ್ಕ ನೋಡಬೇಕು. ಹಾಡಿನ ವೇಗವನ್ನು ಹಳೆಯ ಟೇಪಿನ ರೀತಿಯಲ್ಲಿ ಶೇ. 84ಕ್ಕೆ ಇಳಿಸಿದರೆ ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಸ್ವರಗಳ ನಡುವಿನ ಅಂತರ ಹಾಗೇ ಇರುವುದರಿಂದ ರಾಗ ಕೆಡುವುದಿಲ್ಲ. ಆದರೆ ಗಾಯಕಿ ಸೆಕೆಂಡಿಗೆ ಆರು ಸಲ ತೂಗಿದ ಕಂಪಿತ ಈಗ ಐದೇ ಸಲ ತೂಗುತ್ತದೆ. ಅವಳು ಎಂದೂ ಹಾಡದ ಒಂದು ಗಮಕ ಅವಳ ಹೆಸರಿನಲ್ಲಿ ಕೇಳುತ್ತದೆ. ಗಮಕವೂ ಮಾಡ್ಯುಲೇಶನ್ನೇ. ಆದರೆ ತೋಡಿಯ ಗಾಂಧಾರ ತೂಗುವ ಬಗೆ ಬೇರೆ, ಶಂಕರಾಭರಣದ ಗಾಂಧಾರ ನಿಲ್ಲುವ ಬಗೆ ಬೇರೆ. ಯಂತ್ರದ ಅಲೆಗೆ ಆ ವ್ಯತ್ಯಾಸ ಗೊತ್ತಿಲ್ಲ. ಷಡ್ಜವನ್ನೂ ಗಾಂಧಾರವನ್ನೂ ತಂಬೂರಿಯನ್ನೂ ಒಂದೇ ಸಮ ಅಲುಗಿಸುತ್ತದೆ. ಗಿಟಾರಿಗೆ ಚೆಂದ ಕಾಣುವ ಕೋರಸ್ ಆಲಾಪಕ್ಕೆ ಹಾಕಿದರೆ ಶ್ರುತಿ ಕೆಟ್ಟಂತೆ ಕೇಳುವುದು ಇದರಿಂದಲೇ.

ಇನ್ನೊಂದು ಮಾತೂ ಇದೆ. ಹಳೆಯ ಕೇಳುಗರು ಆ ಕರಕರವನ್ನು ಪ್ರೀತಿಸಲಿಲ್ಲ, ಅದನ್ನು ದಾಟಿ ಕೇಳಿದರು. ಗದಗಿನ ಭೀಮಸೇನ ಜೋಶಿಯವರು ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಠುಮ್ರಿಯನ್ನು ಕೇಳಿದ್ದು ಗ್ರಾಮೋಫೋನಿನಲ್ಲಿ. ನಿಮಿಷಕ್ಕೆ 78 ಸುತ್ತು, ಮೂರು ನಿಮಿಷದ ಆಸುಪಾಸಿನ ಒಂದು ಮಗ್ಗುಲು, ಮೇಲೆ ಸೂಜಿ ಕೆರೆಯುವ ಸದ್ದು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಆ ಹುಡುಗ ಮನೆ ಬಿಟ್ಟ. ಅವನ ಕಿವಿ ಹಿಡಿದದ್ದು ಖಾನ್ ಸಾಹೇಬರ ಮೀಂಡನ್ನು. ಅದೇ ಬಗೆಯ ತಟ್ಟೆಯ ಸದ್ದನ್ನು ಇಂದು ಹೊಸ ಹಾಡಿನ ಮೇಲೆ ಹಾಕಿದಾಗ ಕೇಳುಗನಿಗೆ ಸಿಗುವುದು ಖಾನ್ ಸಾಹೇಬರಲ್ಲ, ಸೂಜಿ ಮಾತ್ರ.

ಹಾಗೆಂದು ಲೋ-ಫೈ ಮಾಡುವುದು ತಪ್ಪೆಂದಲ್ಲ. ಎಂ.ಎ. ಪರೀಕ್ಷೆಗೆ ಓದುವವರಿಗೆ, ರಾತ್ರಿ ಪಾಳಿಯವರಿಗೆ ಮೆತ್ತಗಿನ ಸದ್ದು ಬೇಕು. ಹರಿತವಾದ ಮೇಲಿನ ಆವರ್ತನಗಳನ್ನು ಕತ್ತರಿಸಿದ ಸಂಗೀತ ಗಮನವನ್ನು ಎಳೆಯುವುದಿಲ್ಲ. ಮೀಡಿಯಂ ವೇವ್ ರೇಡಿಯೊಗಳು ಹೆಚ್ಚೆಂದರೆ ನಾಲ್ಕೈದು ಕಿಲೋಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಕೊಡುತ್ತಿದ್ದವು. ಅಡುಗೆಮನೆಯಲ್ಲಿ ಅವು ಇಡೀ ದಿನ ಉರಿಯುತ್ತಿದ್ದರೂ ಯಾರಿಗೂ ತಲೆನೋವಾಗದಿರಲು ಅದೂ ಒಂದು ಕಾರಣವಿರಬಹುದು. ತೊಂದರೆ ಇರುವುದು ಬೇರೆಡೆ. ನಕಲಿ ಹಳತು ಇಷ್ಟು ಸುಲಭವಾಗಿ ಸಿಗುವಾಗ ನಿಜವಾದ ಹಳತು ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ.

'ವಿನೈಲ್' ಕೊಟ್ಟ ಐಜೋಟೋಪ್ ಕಂಪನಿಯೇ 2007ರಲ್ಲಿ 'ಆರ್‌ಎಕ್ಸ್' ಎಂಬ ಇನ್ನೊಂದು ಸಾಫ್ಟ್‌ವೇರ್ ತಂದಿತು. ಅದರ ಕೆಲಸ ಚಟಪಟವನ್ನೂ ಸುಯ್ಯನ್ನೂ ಗುಂಯ್ಯನ್ನೂ ತೆಗೆದುಹಾಕುವುದು. ಒಂದೇ ಅಂಗಡಿಯಲ್ಲಿ ಧೂಳೂ ಸಿಗುತ್ತದೆ, ಪೊರಕೆಯೂ ಸಿಗುತ್ತದೆ. ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸುವವರು ಮೊದಲು ಕೈಹಾಕುವುದು ಈ ಪೊರಕೆಗೆ. ಅಲ್ಲೇ ಎಡವುವುದು.

ಯಾಕೆಂದರೆ ನಿಜವಾದ ಗದ್ದಲಕ್ಕೆ ನೆನಪಿದೆ. ಭಾರತದ ಕರೆಂಟು ಸೆಕೆಂಡಿಗೆ 50 ಆವರ್ತ ತೂಗುತ್ತದೆ. ಕರೆಂಟಿನ ಮೇಲೆ ನಡೆದ ರೆಕಾರ್ಡರ್ ಮುದ್ರಿಸಿದ ಟೇಪಿನಲ್ಲಿ ಅದರ ಗುಂಯ್ ಎಷ್ಟೋ ಸಲ ಸಣ್ಣಗೆ ಸೇರಿರುತ್ತದೆ. ಈಗ ಓಡಿಸಿದಾಗ ಟೇಪಿನೊಳಗಿನ ಆ ಗುಂಯ್ 52 ಹರ್ಟ್ಸ್ ತೋರಿಸಿದರೆ, ಟೇಪು ಸುಮಾರು ಶೇ. 4ರಷ್ಟು ವೇಗವಾಗಿ ಓಡುತ್ತಿದೆ, ಶ್ರುತಿ ಒಂದು ಸ್ವರಸ್ಥಾನದ ಮೂರನೇ ಎರಡು ಪಾಲಿನಷ್ಟು ಏರಿದೆ ಎಂದು ತಿಳಿಯಬಹುದು. ಗಾಯಕರ ನಿಜವಾದ ಷಡ್ಜ ಯಾವುದೆಂದು ಹೇಳಬಲ್ಲ ಸಾಕ್ಷಿ ಆ ಕಿರಿಕಿರಿಯ ಸದ್ದೇ. ಮೊದಲೇ ಗುಡಿಸಿಬಿಟ್ಟರೆ ಸಾಕ್ಷಿಯೂ ಹೋಯಿತು. ಪ್ಲಗಿನ್ನಿನ ಗದ್ದಲ ಏನನ್ನೂ ಕಂಡಿಲ್ಲ. ಅಮೆರಿಕದ ಕರೆಂಟು 60 ಹರ್ಟ್ಸ್‌ನದು. ಅಲ್ಲಿನ ಗುಂಯ್ಯನ್ನು ಕನ್ನಡದ ತತ್ವಪದದ ಮೇಲೆ ಹಾಕಿದರೆ, ಆ ಹಾಡಿನ ಹಿಂದೆ ಕಲಬುರಗಿಯ ಮನೆಯ ಬದಲು ಷಿಕಾಗೋದ ಮನೆಯೊಂದರ ಕರೆಂಟು ಗುನುಗುತ್ತಿರುತ್ತದೆ.

ಧ್ವನಿ ದಾಖಲೆಗಳನ್ನು ಕಾಯುವವರ ರೂಢಿ ಸರಳವಾದದ್ದು: 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಏನನ್ನೂ ತೆಗೆಯದೆ, ಸೇರಿಸದೆ ಒಂದು ಪ್ರತಿ ಮಾಡಿಟ್ಟುಕೊಳ್ಳಬೇಕು. ತೊಳೆಯುವುದು, ಬಣ್ಣ ಹಚ್ಚುವುದು ಎಲ್ಲ ಎರಡನೆಯ ಪ್ರತಿಯ ಮೇಲೆ. ಇದಕ್ಕೆ ದೊಡ್ಡ ಸ್ಟುಡಿಯೊ ಬೇಡ. ಸರಿಯಾಗಿ ಓಡುವ ಡೆಕ್ಕು, ಒಂದು ಆಡಿಯೊ ಇಂಟರ್‌ಫೇಸು, ಲೋ-ಫೈ ಹಾಡು ಕಟ್ಟಲು ಬಳಸುವ ಅದೇ ಲ್ಯಾಪ್‌ಟಾಪು ಸಾಕು.

ಡೆಕ್ಕನ್ ರೇಡಿಯೊದ ನೇರ ಪ್ರಸಾರಗಳನ್ನು ಯಾವ ಗುಂಡಿಯೂ ಮರಳಿ ತರಲಾರದು. ಆದರೆ ಕ್ಯಾಸೆಟ್ ಕಾಲದ ಧ್ವನಿಗಳು ಇನ್ನೂ ಇವೆ. ಹೈದರಾಬಾದಿನ ಹಳೆಯ ಓಣಿಗಳಲ್ಲಿ ಮೊಹರಂ ರಾತ್ರಿ ಹಿಡಿದಿಟ್ಟ ಮರ್ಸಿಯಾಗಳು, ಬೀದರ್-ರಾಯಚೂರುಗಳ ಭಜನೆ ಮೇಳಗಳು, ಮದುವೆ ಮನೆಯ ಸೋಬಾನೆಗಳು, ರೇಡಿಯೊದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಕಛೇರಿಗಳು. ರಿಬ್ಬನ್ನಿನ ಮೇಲಿನ ಕಾಂತದ ಪುಡಿ ಉದುರುವ ಮುಂಚೆ ಒಂದೇ ಒಂದು ಸಲ, ಯಾವ ಗುಂಡಿಯನ್ನೂ ಮುಟ್ಟದೆ, ಅವನ್ನು ಕೊನೆಯವರೆಗೆ ಓಡಲು ಬಿಡಬೇಕು.