ಪ್ರಾಸತ್ಯಾಗವೂ ಹೊಸ ಕವಿಯ ಕಲಿಕೆಯೂ

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತೊರೆದರೆಂಬುದನ್ನು ಪದ್ಯ ಕಟ್ಟಲೆಳಸುವ ನಮ್ಮ ಗಡಿನಾಡಿನ ಹುಡುಗರು ಬಹುಬೇಗ ತಿಳಿಯುತ್ತಾರೆ. ತೊರೆದುದು ಏನನ್ನು ಎಂದು ಮಾತ್ರ ಕೇಳುವುದಿಲ್ಲ. ಪದ್ಯದ ಎಲ್ಲ ಪಾದಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕೆಂಬ ಆದಿಪ್ರಾಸದ ಕಟ್ಟು ಅದು. ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಇದರ ಆರು ಬಗೆಗಳನ್ನು ಪ್ರಾಣಿಗಳ ಹೆಸರಿನಿಂದ ಹೇಳಿದ್ದಾನೆ: ಮೊದಲಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಅನುಸ್ವಾರವಿದ್ದರೆ ವೃಷಭ, ಇತ್ಯಾದಿ. ‘ಮನೆ, ಕನಸು’ ಸಿಂಹ. ‘ಮಾನ, ಗಾನ’ ಗಜ. ಮಡದಿಯನ್ನು ಕರೆದು ಪಾಠ ಹೇಳಿದ ಆ ಗ್ರಂಥದಲ್ಲಿ ವೃತ್ತದ ಲಕ್ಷಣ ಹೇಳುವ ಪದ್ಯವೇ ಅದರ ಉದಾಹರಣೆಯೂ ಆಗುತ್ತದೆ. ತರಬೇತಿ ಪಡೆದ ನಮಗೂ ಇದಕ್ಕಿಂತ ಒಳ್ಳೆಯ ಪಾಠಕ್ರಮ ಕಂಡಿಲ್ಲ.

ಪೈಗಳು ಪ್ರಾಸವನ್ನು ಬಿಟ್ಟರು, ಛಂದಸ್ಸನ್ನು ಬಿಡಲಿಲ್ಲ. ‘ಗಿಳಿವಿಂಡು’ (1930) ತೆರೆದು ಮಾತ್ರೆಗಳನ್ನು ಎಣಿಸಿ ನೋಡಬಹುದು. ನೆರೆಯ ಮಲಯಾಳದಲ್ಲಿಯೂ ದ್ವಿತೀಯಾಕ್ಷರಪ್ರಾಸದ ಕಡ್ಡಾಯವನ್ನು ವಿರೋಧಿಸಿದ ಎ. ಆರ್. ರಾಜರಾಜವರ್ಮರು ‘ವೃತ್ತಮಂಜರಿ’ಯೆಂಬ ಛಂದೋಗ್ರಂಥವನ್ನೇ ಬರೆದ ಪಂಡಿತರು.

ಆದುದರಿಂದ ನಾವು ಮೊದಲು ಐದೈದು ಮಾತ್ರೆಯ ಗಣಗಳಲ್ಲಿ, ಸಿಂಹಪ್ರಾಸವಿಟ್ಟು, ನಾಲ್ಕು ಸಾಲು ಬರೆಯಿಸುತ್ತೇವೆ; ಆಮೇಲೆ ಪ್ರಾಸ ಕಿತ್ತು ಅದನ್ನೇ ಬರೆ ಎನ್ನುತ್ತೇವೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಹುಡುಗನು ಒಂದು ‘ನ’ಕಾರಕ್ಕಾಗಿ ತಡಕುವಾಗ ಅವನ ಕೈಗೆ ಹತ್ತು ಕನ್ನಡ ಮಾತುಗಳು ಸಿಕ್ಕುತ್ತವೆ.